ಲೋಹದ ಸುತ್ತಲಿನ ಆರು ಜಾಗ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನ ಕಿಟಕಿಯಲ್ಲಿ ಕಾಣುವ ಬೂದುಬಣ್ಣದ ದಿಬ್ಬಗಳನ್ನು ಕೆಜಿಎಫ್‌ನವರು ಸೈನೈಡ್ ಗುಡ್ಡ ಎಂದೇ ಕರೆಯುತ್ತಾರೆ. ಹೊಸಬರಿಗೆ ಅವು ಬೋಳು ಬೆಟ್ಟಗಳಂತೆ ಕಂಡಾವು. ಆದರೆ ಅಲ್ಲಿರುವುದೆಲ್ಲ ಮನುಷ್ಯರು ಸುರಿದ ಮಣ್ಣು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಶುರುಮಾಡಿದಾಗಿನಿಂದ 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬೀಳುವವರೆಗೆ, ಕೆಲವೆಡೆ 3 ಕಿಲೋಮೀಟರಿಗೂ ಹೆಚ್ಚು ಆಳದಿಂದ, ಬಂಡೆ ಒಡೆದು ಮೇಲಕ್ಕೆ ತಂದರು. ಅದನ್ನು ನುಣ್ಣಗೆ ಪುಡಿಮಾಡಿ, ಚಿನ್ನ ತೆಗೆದುಕೊಂಡು, ಮಿಕ್ಕಿದ್ದನ್ನು ಊರ ಪಕ್ಕದಲ್ಲೇ ರಾಶಿ ಹಾಕಿದರು. ಅಂಥ 13 ರಾಶಿಗಳಲ್ಲಿ 3 ಕೋಟಿ ಟನ್ನಿಗೂ ಮೀರಿದ ಮಣ್ಣು ಇದೆ. ಹೊರಗೆ ಹೋದ ಚಿನ್ನ ಸುಮಾರು 800 ಟನ್. ಗಾಳಿ ಎದ್ದರೆ ಆ ನುಣುಪು ದೂಳು ಮನೆಗಳ ಒಳಗೂ ಬರುತ್ತದೆ. ಸೈನೈಡ್ ಬಿಸಿಲಿಗೆ, ಗಾಳಿಗೆ, ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಸಿಕ್ಕಿ ಕಾಲಕ್ರಮದಲ್ಲಿ ಒಡೆದುಹೋಗುವ ವಸ್ತು. ಈ ರಾಶಿಗಳಲ್ಲಿರುವ ಬಿಳಿಗಲ್ಲಿನ (ಕ್ವಾರ್ಟ್ಸ್) ದೂಳು ಹಾಗಲ್ಲ, ಶ್ವಾಸಕೋಶಕ್ಕೆ ಹೊಕ್ಕರೆ ಹೊರಗೆ ಬರುವುದಿಲ್ಲ.

ಈ ಗುಡ್ಡಗಳಿಗೆ ಸೈನೈಡ್ ಬಂದದ್ದಾದರೂ ಯಾಕೆ? ಚಿನ್ನ ಸುಲಭಕ್ಕೆ ಕರಗುವ ಲೋಹವಲ್ಲ. ಬರೀ ನೈಟ್ರಿಕ್ ಆಮ್ಲಕ್ಕೆ ಹಾಕಿದರೆ ಜಗ್ಗುವುದಿಲ್ಲ. ಬರೀ ಹೈಡ್ರೋಕ್ಲೋರಿಕ್ ಆಮ್ಲಕ್ಕೂ ಅಷ್ಟೆ. ಅಂಥ ಚಿನ್ನ, ಸಾವಿರ ಲೀಟರ್ ನೀರಿಗೆ ಕೆಲವು ನೂರು ಗ್ರಾಂ ಸೋಡಿಯಂ ಸೈನೈಡ್ ಬೆರೆಸಿ, ಗಾಳಿಯಾಡುವಂತೆ ಕಲಕುತ್ತ ಬಿಟ್ಟರೆ ಸದ್ದಿಲ್ಲದೆ ನೀರಿಗೆ ಇಳಿಯುತ್ತದೆ. 1887ರಲ್ಲಿ ಗ್ಲಾಸ್ಗೋ ನಗರದ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಈ ವಿಧಾನಕ್ಕೆ ಪೇಟೆಂಟ್ ಪಡೆದರು. ಕೆಜಿಎಫ್‌ನಲ್ಲಿ ಮೊದಲು ಪಾದರಸಕ್ಕೆ ಅಂಟಿಸಿ ಚಿನ್ನ ತೆಗೆಯುತ್ತಿದ್ದರು. ಪಾದರಸದ ಕೈಗೆ ಸಿಗದೆ ಮರಳಿನಲ್ಲಿ ಉಳಿದುಬಿಡುತ್ತಿದ್ದ ಸಣ್ಣ ಕಣಗಳನ್ನು ಸೈನೈಡ್ ನೀರು ಹೀರಿ ಕೊಡತೊಡಗಿತು. ಆ ನೀರಿಗೆ ಸತುವಿನ ಪುಡಿ ಹಾಕಿದರೆ ಸತು ಸೈನೈಡಿನ ಜೊತೆ ಹೋಗಿ, ಚಿನ್ನ ತಳಕ್ಕೆ ಬೀಳುತ್ತದೆ.

ಕರಗಿದಾಗ ಏನಾಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಗಾಳಿಯ ಆಮ್ಲಜನಕ ಚಿನ್ನದ ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತುಕೊಳ್ಳಲು ನೋಡುತ್ತದೆ. ಒಂಟಿಯಾಗಿದ್ದರೆ ಚಿನ್ನ ಅದನ್ನು ಬಿಟ್ಟುಕೊಡುವುದಿಲ್ಲ. ಎರಡು ಸೈನೈಡುಗಳು ಎರಡು ಪಕ್ಕದಲ್ಲಿ ಬಂದು ಹಿಡಿದುಕೊಂಡರೆ ಮಾತ್ರ ಬಿಟ್ಟುಕೊಡುತ್ತದೆ. ಸೈನೈಡ್, ಚಿನ್ನ, ಸೈನೈಡ್, ಹೀಗೆ ನೇರ ಗೆರೆಯಲ್ಲಿ ನಿಂತ ಈ ಮೂವರ ಕೂಟಕ್ಕೆ ರಸಾಯನ ವಿಜ್ಞಾನದಲ್ಲಿ ಸಂಕೀರ್ಣ ಎಂದು ಹೆಸರು. ಹಿಡಿದು ನಿಲ್ಲುವ ಸೈನೈಡಿನಂಥವುಗಳಿಗೆ ಲಿಗ್ಯಾಂಡ್ ಎನ್ನುತ್ತಾರೆ. ಹಿಡಿತ ಎಷ್ಟು ಬಿಗಿ ಎಂದು ಹೇಳುವ ಸಂಖ್ಯೆ ಇಲ್ಲಿ 1ರ ಮುಂದೆ ಸುಮಾರು 38 ಸೊನ್ನೆ ಹಾಕಿದಷ್ಟು ದೊಡ್ಡದು. ಚಿನ್ನ ಅದೇ ಚಿನ್ನ. ಬದಲಾದದ್ದು ಅದರ ಸುತ್ತ ನಿಂತವರು. ಲೋಹದ ಬಣ್ಣ, ಕರಗುವ ಗುಣ, ವಿಷ, ಔಷಧ ಇವುಗಳಲ್ಲಿ ಬಹುಪಾಲು ತೀರ್ಮಾನವಾಗುವುದು ಲೋಹ ಯಾವುದು ಎನ್ನುವುದರಷ್ಟೇ, ಅದರ ಸುತ್ತ ಯಾರಿದ್ದಾರೆ ಎನ್ನುವುದರಿಂದ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಬಿ.ಎಸ್‌ಸಿ. ಮಕ್ಕಳು ಈ ಅಧ್ಯಾಯವನ್ನು ಓದುತ್ತಾರೆ. ಕೊಬಾಲ್ಟ್, ಆರು ಅಮೋನಿಯಾ, ಮೂರು ಕ್ಲೋರಿನ್: ಹೆಸರು ಬರೆಯಿರಿ, ಆಕಾರ ಬಿಡಿಸಿ, ಐದು ಅಂಕ. ಪುಸ್ತಕದ ಆ ಕೊಬಾಲ್ಟೂ ಮಾರಿಕುಪ್ಪಂನ ಗುಡ್ಡಗಳೂ ಒಂದೇ ಪಾಠ ಎಂದು ತರಗತಿಯಲ್ಲಿ ಯಾರಾದರೂ ಹೇಳಿದರೆ ಆ ಐದು ಅಂಕದ ಪ್ರಶ್ನೆಗೆ ಜೀವ ಬರುತ್ತದೆ ಎಂಬುದು ನನ್ನ ನಂಬಿಕೆ. ಆ ಪಾಠವನ್ನು ಮೊದಲು ಕಂಡುಕೊಂಡ ಮನುಷ್ಯನ ದುಡಿಮೆಯನ್ನಂತೂ ಹೇಳಲೇಬೇಕು.

ಆಲ್ಫ್ರೆಡ್ ವರ್ನರ್ 1866ರಲ್ಲಿ ಅಲ್ಸೇಸ್ ಪ್ರಾಂತ್ಯದ ಮುಲೂಸ್ ಊರಿನಲ್ಲಿ ಹುಟ್ಟಿದರು. ಅವರಿಗೆ ನಾಲ್ಕು ವರ್ಷವಾಗಿದ್ದಾಗ ಆ ಊರು ಫ್ರಾನ್ಸಿನ ಕೈಬಿಟ್ಟು ಜರ್ಮನಿಗೆ ಸೇರಿತು. ಓದಿದ್ದು, ಮುಂದೆ ಬದುಕಿದ್ದು ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ. 1890ರಲ್ಲಿ ಪಡೆದ ಡಾಕ್ಟರೇಟ್ ಸಾವಯವ ರಸಾಯನ ವಿಜ್ಞಾನದ್ದು, ಸಾರಜನಕದ ಸಂಯುಕ್ತಗಳ ಆಕಾರದ ಬಗ್ಗೆ. ಲೋಹಗಳ ಬಗ್ಗೆ ಹೊಸ ಸಿದ್ಧಾಂತ ಹೇಳುವ ಹೊತ್ತಿಗೆ ಅವರು ಆ ವಿಷಯದಲ್ಲಿ ಸ್ವಂತವಾಗಿ ಒಂದು ಪ್ರಯೋಗವನ್ನೂ ಮಾಡಿರಲಿಲ್ಲ.

ಆ ಕಾಲದ ಒಗಟು ಹೀಗಿತ್ತು. ಕೊಬಾಲ್ಟ್ ಕ್ಲೋರೈಡಿನಲ್ಲಿ ಒಂದು ಕೊಬಾಲ್ಟು ಮೂರು ಕ್ಲೋರಿನ್ನುಗಳನ್ನು ಹಿಡಿದು ತೃಪ್ತವಾಗಿದೆ. ಅಮೋನಿಯಾದಲ್ಲಿ ಸಾರಜನಕ ಮೂರು ಹೈಡ್ರೋಜನ್ನುಗಳನ್ನು ಹಿಡಿದು ತೃಪ್ತವಾಗಿದೆ. ಹೀಗೆ ತಮ್ಮಷ್ಟಕ್ಕೆ ತಾವು ತುಂಬಿಕೊಂಡ ಎರಡು ವಸ್ತುಗಳು ಒಂದನ್ನೊಂದು ಯಾಕೆ ಸೇರಬೇಕು? ಆದರೆ ಸೇರುತ್ತಿದ್ದವು, ಅದೂ ಎಂಥ ಬಣ್ಣಗಳಲ್ಲಿ. ಆರು ಅಮೋನಿಯಾ ಸೇರಿದರೆ ಕಿತ್ತಳೆ ಹಳದಿ, ಐದು ಸೇರಿದರೆ ನೇರಳೆಗೆಂಪು, ನಾಲ್ಕು ಸೇರಿದರೆ ಹಸಿರು. ಕೋಪನ್‌ಹೇಗನ್ನಿನ ಸೋಫಸ್ ಯೋರ್ಗೆನ್ಸೆನ್ ಎಂಬ ಹಿರಿಯ ರಸಾಯನ ವಿಜ್ಞಾನಿ ಇಂಥ ನೂರಾರು ಹರಳುಗಳನ್ನು ಅತ್ಯಂತ ಶುದ್ಧವಾಗಿ ತಯಾರಿಸಿದ್ದರು. ಅಮೋನಿಯಾಗಳು ಒಂದರ ಬೆನ್ನಿಗೆ ಒಂದು ಸರಪಳಿಯಾಗಿ ಕೊಬಾಲ್ಟಿಗೆ ಅಂಟಿಕೊಂಡಿವೆ ಎಂಬುದು ಅವರ ವಿವರಣೆ.

1892ರ ಒಂದು ರಾತ್ರಿ ಎರಡು ಗಂಟೆಗೆ ವರ್ನರ್‌ಗೆ ಎಚ್ಚರವಾಯಿತು, ಉತ್ತರ ಹೊಳೆದಿತ್ತು, ಕಾಫಿ ಕುಡಿಯುತ್ತ ಸಂಜೆ ಐದರವರೆಗೆ ಬರೆದರು ಎಂಬ ಕಥೆ ಎಲ್ಲ ಪುಸ್ತಕಗಳಲ್ಲೂ ಬರುತ್ತದೆ. ಲೇಖನ ಅಚ್ಚಾದದ್ದು 1893ರಲ್ಲಿ. ಆಗ ಅವರಿಗೆ 26 ವರ್ಷ. ಸರಪಳಿ ಇಲ್ಲವೇ ಇಲ್ಲ, ಕೊಬಾಲ್ಟಿನ ಸುತ್ತ ಆರು ಜಾಗಗಳಿವೆ ಎಂದರು ವರ್ನರ್. ನಡುವೆ ನಿಂತ ಒಬ್ಬ ಮನುಷ್ಯನಿಗೆ ಮುಂದೊಬ್ಬ, ಹಿಂದೊಬ್ಬ, ಎಡಕ್ಕೊಬ್ಬ, ಬಲಕ್ಕೊಬ್ಬ, ತಲೆಯ ಮೇಲೊಬ್ಬ, ಕಾಲಡಿಗೊಬ್ಬ ಇದ್ದ ಹಾಗೆ. ಆ ಆರು ಜಾಗಗಳಲ್ಲಿ ಅಮೋನಿಯಾ ಕೂರಬಹುದು, ಕ್ಲೋರಿನ್ ಕೂರಬಹುದು. ಒಳಗೆ ಕೂತ ಕ್ಲೋರಿನ್ ಬೇರೆ, ವಿದ್ಯುದಾವೇಶ ಸರಿದೂಗಿಸಲು ಹೊರಗೆ ಓಡಾಡುವ ಕ್ಲೋರಿನ್ ಬೇರೆ.

ಇದನ್ನು ಪರೀಕ್ಷಿಸುವ ಬಗೆ ಎಷ್ಟು ಸರಳವೆಂದರೆ ನಮ್ಮ ಯಾವ ಕಾಲೇಜಿನ ಪ್ರಯೋಗಶಾಲೆಯಲ್ಲೂ ಮಾಡಬಹುದು. ಸಿಲ್ವರ್ ನೈಟ್ರೇಟ್ ಹಾಕಿದರೆ ಹೊರಗಿನ ಕ್ಲೋರಿನ್ ಮಾತ್ರ ಬಿಳಿ ಗಸಿಯಾಗಿ ಇಳಿಯುತ್ತದೆ. ಆರು ಅಮೋನಿಯಾದ ಹಳದಿ ಹರಳು ಮೂರು ಕ್ಲೋರಿನ್ನನ್ನೂ ಕೊಡುತ್ತದೆ, ಐದರದ್ದು ಎರಡನ್ನು, ನಾಲ್ಕರದ್ದು ಒಂದನ್ನು. ಮೂರು ಅಮೋನಿಯಾದ ಜೊತೆ ಮೂರು ನೈಟ್ರೈಟ್ ಇದ್ದರೆ ಹೊರಗೆ ಯಾರೂ ಉಳಿಯುವುದಿಲ್ಲ. ಅಂಥ ದ್ರಾವಣ ವಿದ್ಯುತ್ತನ್ನು ಹರಿಯಬಿಡಬಾರದು. ಸರಪಳಿಯವರ ಲೆಕ್ಕದಲ್ಲಿ ಹರಿಯಬೇಕಿತ್ತು. ವರ್ನರ್ ಮತ್ತು ಅವರ ಗೆಳೆಯ ಮಿಯೋಲಾಟಿ ಅಳೆದು ನೋಡಿದಾಗ ಮುಳ್ಳು ಸೊನ್ನೆಯ ಹತ್ತಿರವೇ ನಿಂತಿತು.

ಆದರೂ ಜಗತ್ತು ಒಪ್ಪಲಿಲ್ಲ. ನನ್ನ ಮಟ್ಟಿಗೆ ವರ್ನರ್ ಅವರ ನಿಜವಾದ ದೊಡ್ಡತನ ಆ ರಾತ್ರಿಯಲ್ಲಿ ಇಲ್ಲ, ಆಮೇಲಿನ 20 ವರ್ಷಗಳ ದುಡಿಮೆಯಲ್ಲಿದೆ. ಆರು ಜಾಗಗಳ ಆಕಾರ ತಾವು ಹೇಳಿದ್ದೇ ಆಗಿದ್ದರೆ, ನಾಲ್ಕು ಅಮೋನಿಯಾ ಎರಡು ಕ್ಲೋರಿನ್ ಇರುವ ಸಂಕೀರ್ಣ ಎರಡೇ ಬಗೆಯಲ್ಲಿ ಇರಲು ಸಾಧ್ಯ: ಕ್ಲೋರಿನ್ನುಗಳು ಎದುರುಬದುರು, ಇಲ್ಲವೇ ಅಕ್ಕಪಕ್ಕ. ಎದುರುಬದುರಿನದು ಹಸಿರು. ಅಕ್ಕಪಕ್ಕದ್ದು ಯಾರ ಕೈಗೂ ಸಿಕ್ಕಿರಲಿಲ್ಲ. ಸಿಗದಿದ್ದರೆ ಸಿದ್ಧಾಂತವೇ ಬೀಳುತ್ತದೆ ಎಂದು ಯೋರ್ಗೆನ್ಸೆನ್ ಕೇಳುತ್ತಲೇ ಇದ್ದರು, ನ್ಯಾಯವಾಗಿಯೇ ಕೇಳುತ್ತಿದ್ದರು. ಜೂರಿಕ್‌ನ ಹಳೆಯ ಪ್ರಯೋಗಶಾಲೆಯಲ್ಲಿ ಬೆಳಕು ಕಡಿಮೆಯಿದ್ದ ನೆಲಮಾಳಿಗೆಯ ಕೋಣೆಗಳಿದ್ದವು. ವಿದ್ಯಾರ್ಥಿಗಳು ಅದನ್ನು ಭೂಗತ ಸಮಾಧಿ ಎನ್ನುತ್ತಿದ್ದರು. ಅಲ್ಲಿ ದುಡಿದವರಲ್ಲಿ ಹೆಣ್ಣುಮಕ್ಕಳೂ ಇದ್ದರು. 1901ರಲ್ಲಿ ಎಡಿತ್ ಹಂಫ್ರಿ ಎಂಬ ಇಂಗ್ಲಿಷ್ ಯುವತಿ ಇದೇ ಕೊಬಾಲ್ಟ್ ಸಂಕೀರ್ಣಗಳ ಮೇಲೆ ವರ್ನರ್ ಕೈಕೆಳಗೆ ಡಾಕ್ಟರೇಟ್ ಪಡೆದರು. ಕೊನೆಗೆ 1907ರಲ್ಲಿ, ಸಿದ್ಧಾಂತ ಅಚ್ಚಾದ 14 ವರ್ಷಗಳಿಗೆ, ಅಕ್ಕಪಕ್ಕದ ಆ ಸಂಕೀರ್ಣ ಬಾಟಲಿಗೆ ಬಂತು. ಅದರ ಬಣ್ಣ ನೇರಳೆ. ಯೋರ್ಗೆನ್ಸೆನ್ ಸೋಲೊಪ್ಪಿಕೊಂಡರು.

ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಆರು ಜಾಗಗಳು ವರ್ನರ್ ಹೇಳಿದಂತೆ ಇದ್ದರೆ ಕೆಲವು ಸಂಕೀರ್ಣಗಳು ತಮ್ಮ ಕನ್ನಡಿ ಬಿಂಬದ ಮೇಲೆ ಹೊಂದಿ ಕೂರುವುದಿಲ್ಲ. ಅಂಥ ಎರಡು ರೂಪಗಳು ಧ್ರುವೀಕೃತ ಬೆಳಕನ್ನು, ಅಂದರೆ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು, ಒಂದು ಎಡಕ್ಕೂ ಒಂದು ಬಲಕ್ಕೂ ತಿರುಗಿಸಬೇಕು. 1911ರಲ್ಲಿ ವಿಕ್ಟರ್ ಕಿಂಗ್ ಎಂಬ ಅಮೆರಿಕನ್ ವಿದ್ಯಾರ್ಥಿ, ಕರ್ಪೂರದಿಂದ ಮಾಡಿದ ಒಂದು ಆಮ್ಲದ ಲವಣದ ಸಹಾಯದಿಂದ, ಮತ್ತೆ ಮತ್ತೆ ಹರಳುಗಟ್ಟಿಸಿ, ಆ ಎರಡನ್ನೂ ಬೇರ್ಪಡಿಸಿದರು. ಬೆಳಕು ತಿರುಗಿತು. ಇದೆಲ್ಲ ಒಳಗಿರುವ ಇಂಗಾಲದ ಕರಾಮತ್ತು ಎಂದು ಗೊಣಗುವವರು ಇನ್ನೂ ಇದ್ದರು. 1914ರಲ್ಲಿ ವರ್ನರ್ ಇಂಗಾಲದ ಒಂದು ಪರಮಾಣುವೂ ಇಲ್ಲದ, ನಾಲ್ಕು ಕೊಬಾಲ್ಟುಗಳ ಒಂದು ಸಂಕೀರ್ಣವನ್ನು ಹಾಗೆಯೇ ಬೇರ್ಪಡಿಸಿ ತೋರಿಸಿದರು. ಆ ಸಂಕೀರ್ಣವನ್ನು ಮೊದಲು ತಯಾರಿಸಿದ್ದವರು ಯಾರೆಂದರೆ ಯೋರ್ಗೆನ್ಸೆನ್. ಪಠ್ಯಪುಸ್ತಕಗಳು ಅವರನ್ನು ಸೋತವರ ಸಾಲಿಗೆ ಹಾಕಿ ಮುಂದೆ ಹೋಗುತ್ತವೆ. ಅವರು ಅಷ್ಟು ಶುದ್ಧವಾದ ಹರಳುಗಳನ್ನು ಮಾಡಿಟ್ಟಿರದಿದ್ದರೆ ವರ್ನರ್ ಅವರ ಯೋಚನೆ ನಿಲ್ಲಲು ನೆಲವೇ ಇರುತ್ತಿರಲಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

1913ರಲ್ಲಿ ವರ್ನರ್‌ಗೆ ನೊಬೆಲ್ ಬಂತು. 1919ರಲ್ಲಿ, ಇನ್ನೂ 53 ತುಂಬುವ ಮೊದಲೇ, ತೀರಿಕೊಂಡರು. ಆರು ಜಾಗಗಳ ಆಕಾರವನ್ನು ಎಕ್ಸ್-ರೇ ಮೂಲಕ ನೇರವಾಗಿ ಅಳೆದದ್ದು 1921ರಲ್ಲಿ. ಅಂದರೆ ಈ ಮನುಷ್ಯ ತನ್ನ ವೃತ್ತಿಜೀವನವಿಡೀ ಕಣ್ಣಿಗೆ ಕಾಣದ ಆಕಾರವೊಂದನ್ನು ಬಣ್ಣ, ಗಸಿ, ವಿದ್ಯುತ್ತು, ತಿರುಗುವ ಬೆಳಕು ಇಷ್ಟರಿಂದಲೇ ಸಾಧಿಸಿ ತೋರಿಸಿದರು.

ಇಲ್ಲೊಂದು ಸೂಕ್ಷ್ಮವಿದೆ. ವರ್ನರ್ ಆರಿಸಿಕೊಂಡ ಕೊಬಾಲ್ಟ್ ಸಂಕೀರ್ಣಗಳು ತಮ್ಮ ಲಿಗ್ಯಾಂಡುಗಳನ್ನು ಬಹಳ ನಿಧಾನವಾಗಿ ಬದಲಿಸುತ್ತವೆ. ಹಸಿರು ಹರಳು ಬಾಟಲಿಯಲ್ಲಿ ಹಸಿರಾಗಿಯೇ ಉಳಿಯುತ್ತದೆ, ಅಳೆಯಲು ಪುರುಸೊತ್ತು ಕೊಡುತ್ತದೆ. ನಿಕ್ಕಲ್ ಅಥವಾ ತಾಮ್ರದ ಮೇಲೆ ಇದೇ ಕೆಲಸಕ್ಕೆ ಕೂತಿದ್ದರೆ ಎರಡು ರೂಪಗಳು ಕಣ್ಣು ಮಿಟುಕಿಸುವುದರೊಳಗೆ ಒಂದರೊಳಗೊಂದು ಬೆರೆತುಹೋಗುತ್ತಿದ್ದವು. ಬಿಗಿಯಾಗಿ ಹಿಡಿಯುವುದು ಬೇರೆ, ನಿಧಾನವಾಗಿ ಬಿಡುವುದು ಬೇರೆ. ನಿಕ್ಕಲ್ ಸೈನೈಡನ್ನು ಬಲು ಬಿಗಿಯಾಗಿ ಹಿಡಿಯುತ್ತದೆ, ಆದರೂ ಕ್ಷಣಕ್ಷಣಕ್ಕೂ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಿರುತ್ತದೆ. ಈ ಭೇದವನ್ನು 1952ರಲ್ಲಿ ಬಿಡಿಸಿ ಹೇಳಿದವರು ಹೆನ್ರಿ ಟಾಬ್. ಅವರಿಗೆ 1983ರಲ್ಲಿ ನೊಬೆಲ್ ಸಂದಿತು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಬೇರು ಕೊಟ್ಟವರು ಕಲ್ಕತ್ತೆಯ ಪ್ರಿಯದಾರಂಜನ್ ರೇ. 1888ರಲ್ಲಿ ಹುಟ್ಟಿ 1982ರವರೆಗೆ ಬದುಕಿದ ಅವರು ಪ್ರಫುಲ್ಲಚಂದ್ರ ರೇ ಅವರ ಶಿಷ್ಯರು. ಬೈಗ್ವನೈಡ್ ಎಂಬ ಸಾರಜನಕ ತುಂಬಿದ ಲಿಗ್ಯಾಂಡನ್ನು ಲೋಹಗಳಿಗೆ ಕಟ್ಟುವ ಕೆಲಸದಲ್ಲಿ ಅವರು ವರ್ಷಗಟ್ಟಲೆ ತೊಡಗಿದ್ದರು. ಕೊಬಾಲ್ಟಿಗೆ ಮೂರು ಬೈಗ್ವನೈಡ್ ಕಟ್ಟಿದರೆ, ಒಂದೊಂದೂ ಎರಡು ಜಾಗ ಹಿಡಿದು, ಆರೂ ಜಾಗ ತುಂಬುತ್ತವೆ. ಇದರ ಎಡರೂಪ ಬಲರೂಪವಾಗಿ ತಿರುಗುವಾಗ ಲಿಗ್ಯಾಂಡ್ ಕೈಬಿಡಬೇಕಾಗಿಯೇ ಇಲ್ಲ, ಕೈ ಹಿಡಿದುಕೊಂಡೇ ತಿರುಚಿಕೊಳ್ಳಬಹುದು ಎಂದು ರೇ ಮತ್ತು ಎನ್. ಕೆ. ದತ್ 1943ರಲ್ಲಿ ತೋರಿಸಿಕೊಟ್ಟರು. ಮಹಾಯುದ್ಧ ನಡೆಯುತ್ತಿದ್ದ, ಬಂಗಾಳ ಬರಗಾಲದಲ್ಲಿ ಬೇಯುತ್ತಿದ್ದ ವರ್ಷ ಅದು. ಜಗತ್ತಿನ ಪಠ್ಯಪುಸ್ತಕಗಳಲ್ಲಿ ಅದು ಇಂದಿಗೂ ರೇ-ದತ್ ತಿರುಚು ಎಂಬ ಹೆಸರಿನಲ್ಲೇ ಇದೆ.

ಬೈಗ್ವನೈಡ್ ಎಂದರೆ ಯಾವುದೋ ಅಪರಿಚಿತ ವಸ್ತು ಅಂದುಕೊಳ್ಳಬೇಡಿ. ಸಕ್ಕರೆ ಕಾಯಿಲೆಗೆ ಮನೆಮನೆಯಲ್ಲೂ ನುಂಗುವ ಮೆಟ್‌ಫಾರ್ಮಿನ್ ಆ ಕುಟುಂಬದ್ದೇ. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡವರಲ್ಲಿ ಬಿ12 ವಿಟಮಿನ್ ಕಡಿಮೆಯಾಗಬಹುದು. ಹಾಗಾಗಿ ವೈದ್ಯರು ಅದನ್ನು ಪರೀಕ್ಷೆ ಮಾಡಿಸಿ, ಬೇಕಿದ್ದರೆ ಕೆಂಪು ಮಾತ್ರೆ ಬರೆದುಕೊಡುತ್ತಾರೆ. ಆ ಕೆಂಪು ಕೊಬಾಲ್ಟಿನದು. 1956ರಲ್ಲಿ ಡೊರೊಥಿ ಹಾಡ್ಜ್‌ಕಿನ್ ಎಕ್ಸ್-ರೇ ಮೂಲಕ ಬಿ12ರ ರಚನೆಯನ್ನು ಬಿಡಿಸಿದಾಗ ನಡುವೆ ಕಂಡದ್ದು ಒಂದು ಕೊಬಾಲ್ಟು, ಅದರ ಸುತ್ತ ಆರು ಜಾಗ: ಸಮತಲದಲ್ಲಿ ನಾಲ್ಕು ಸಾರಜನಕ, ಕೆಳಗೊಂದು ಸಾರಜನಕ, ಮೇಲೆ ಒಂದು ಸೈನೈಡ್. ವರ್ನರ್ 63 ವರ್ಷ ಹಿಂದೆ ಬರೆದಿಟ್ಟ ಆಕಾರ ನಮ್ಮ ರಕ್ತದಲ್ಲೇ ಕೂತಿತ್ತು.

ಮೇಲಿನ ಜಾಗದಲ್ಲಿ ಸೈನೈಡೇ? ಹೌದು. ವಿಟಮಿನ್ನನ್ನು ಬೇರ್ಪಡಿಸಿ ಶುದ್ಧ ಮಾಡುವಾಗ ಅದು ಅಲ್ಲಿ ಬಂದು ಸೇರುತ್ತದೆ. ಮಾತ್ರೆಯಲ್ಲಿ ಅದರ ಪ್ರಮಾಣ ಅತ್ಯಲ್ಪ, ಕೊಬಾಲ್ಟಿನ ಹಿಡಿತವೂ ಬಿಗಿ. ದೇಹದೊಳಗೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ. ಇದನ್ನೇ ತಿರುಗಿಸಿ ನೋಡಿದರೆ ಒಂದು ಔಷಧ ಸಿಗುತ್ತದೆ. ಸೈನೈಡ್ ಮನುಷ್ಯನನ್ನು ಕೊಲ್ಲುವುದು ಜೀವಕೋಶಗಳಲ್ಲಿ ಆಮ್ಲಜನಕವನ್ನು ಬಳಸುವ ಕಿಣ್ವದ ಕಬ್ಬಿಣವನ್ನು ಹಿಡಿದುಕೊಂಡು. ಅಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ತಾನು ಆಕ್ರಮಿಸಿ. ಅದಕ್ಕೆ ಇಂದು ಕೊಡುವ ಮದ್ದುಗಳಲ್ಲಿ ಒಂದು ಹೈಡ್ರಾಕ್ಸೋಕೊಬಾಲಮಿನ್. ಅದು ಮೇಲಿನ ಜಾಗದಲ್ಲಿ ಸೈನೈಡ್ ಇಲ್ಲದ ಬಿ12. ದೊಡ್ಡವರಿಗೆ 5 ಗ್ರಾಂ ರಕ್ತನಾಳಕ್ಕೆ ಹರಿಸುತ್ತಾರೆ. ಕೊಬಾಲ್ಟು ಸೈನೈಡನ್ನು ತನ್ನತ್ತ ಸೆಳೆದುಕೊಂಡು, ಮಾತ್ರೆಯಲ್ಲಿರುವ ಅದೇ ಬಿ12 ಆಗಿ, ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಚಿನ್ನವನ್ನು ಕಲ್ಲಿನಿಂದ ಬಿಡಿಸಿದ ರಸಾಯನವೂ ಪ್ರಾಣ ಉಳಿಸುವ ಈ ರಸಾಯನವೂ ಒಂದೇ: ಸೈನೈಡಿಗೆ ಯಾವ ಲೋಹ ಹೆಚ್ಚು ಹತ್ತಿರ ಎಂಬ ಪ್ರಶ್ನೆ.

ಅಡುಗೆ ಉಪ್ಪಿನಲ್ಲಿ ಸೈನೈಡ್ ಇದೆ ಎಂಬ ಸಂದೇಶ ಆಗಾಗ ವಾಟ್ಸಾಪಿನಲ್ಲಿ ಹರಿದಾಡಿ ತಾಯಂದಿರನ್ನು ಹೆದರಿಸುತ್ತದೆ. ಕೆಲವು ಉಪ್ಪಿನ ಪೊಟ್ಟಣಗಳ ಮೇಲಿನ 536 ಎಂಬ ಸಂಖ್ಯೆ ಪೊಟ್ಯಾಸಿಯಂ ಫೆರೊಸೈನೈಡಿನದು; ಉಪ್ಪು ಗಂಟು ಕಟ್ಟದಿರಲೆಂದು ಹಾಕುವ ಅನುಮತಿಯುಳ್ಳ ವಸ್ತು. ಅದರಲ್ಲಿ ಕಬ್ಬಿಣದ ಆರು ಜಾಗಗಳಲ್ಲೂ ಸೈನೈಡೇ ಇದೆ, ನಿಜ. ಆದರೆ ಆ ಕಬ್ಬಿಣ ಹಿಡಿದದ್ದನ್ನು ಬಿಡಬೇಕಾದರೆ ಗಾಢ ಆಮ್ಲದಲ್ಲಿ ಕಾಯಿಸಬೇಕು. ಸಾರಿನ ಪಾತ್ರೆಯಲ್ಲಿ ಬಿಡುವುದಿಲ್ಲ.

ಲೋಹ ಸಂಕೀರ್ಣಗಳ ಬಗ್ಗೆ ಜನಕ್ಕೆ ಹೆಚ್ಚು ಗೊತ್ತಿರಬೇಕಾದ ಇನ್ನೊಂದು ಹೆಸರು ಸಿಸ್‌ಪ್ಲಾಟಿನ್. ಪ್ಲಾಟಿನಂ ಸುತ್ತ ಎರಡು ಅಮೋನಿಯಾ, ಎರಡು ಕ್ಲೋರಿನ್, ಅಕ್ಕಪಕ್ಕದಲ್ಲಿ. ಇಟಲಿಯ ಪೈರೋನೆ 1840ರ ದಶಕದಲ್ಲಿ ತಯಾರಿಸಿದ್ದ ಈ ಹಳದಿ ಪುಡಿ ಶತಮಾನಕ್ಕೂ ಹೆಚ್ಚು ಕಾಲ ಬಾಟಲಿಯಲ್ಲೇ ಇತ್ತು. 1965ರಲ್ಲಿ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳಿಗೆ ವಿದ್ಯುತ್ ಹರಿಸಿ ನೋಡುವಾಗ ಅವು ಒಡೆದು ಎರಡಾಗುವುದನ್ನು ಬಿಟ್ಟು ಉದ್ದುದ್ದ ಬೆಳೆದವು. ಕಾರಣ ವಿದ್ಯುತ್ತಲ್ಲ, ಪ್ಲಾಟಿನಂ ತಂತಿಯಿಂದ ಕರಗಿ ಬಂದ ಸಂಕೀರ್ಣ. 1978ರಲ್ಲಿ ಅದು ಕ್ಯಾನ್ಸರ್ ಔಷಧವಾಗಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಕ್ಲೋರಿನ್ನುಗಳು ಎದುರುಬದುರು ಇರುವ ಅದರ ಅವಳಿಗೆ ಆ ಗುಣ ಇಲ್ಲ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಜಗಿಯುವ ಚಟ ನಮ್ಮ ಕಡೆ ಹೆಂಗಸರಲ್ಲೂ ಬೇರೂರಿದೆ. ಬಾಯಿ ಕ್ಯಾನ್ಸರಿಗೆ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡುವಾಗ ಜೊತೆಗೆ ಡ್ರಿಪ್ಪಿನಲ್ಲಿ ಹೋಗುವ ಔಷಧಗಳಲ್ಲಿ ಇದು ಮುಖ್ಯವಾದದ್ದು. ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು, ವಿಪರೀತ ವಾಂತಿ ತರಬಲ್ಲದು. ಆ ಪೆಟ್ಟು ತಗ್ಗಿಸುವ ಲಿಗ್ಯಾಂಡುಗಳ ಹುಡುಕಾಟದಿಂದಲೇ ಕಾರ್ಬೋಪ್ಲಾಟಿನ್ ಬಂದದ್ದು.

ತುಮಕೂರು ವಿಶ್ವವಿದ್ಯಾಲಯದಲ್ಲೋ, ಕೋಲಾರದ ತಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದಲ್ಲೋ ಎಂ.ಎಸ್‌ಸಿ. ಮುಗಿಸಿ, ನೆಟ್ ಪರೀಕ್ಷೆ ದಾಟಿ, ಈ ದಾರಿಗೆ ಬರುವ ಹುಡುಗ ಹುಡುಗಿಯರ ದಿನಚರಿ ಹೊರಗಿನವರಿಗೆ ತಿಳಿದಿರುವುದಿಲ್ಲ. ಬಹಳ ಜನ ಶಿಫ್ ಬೇಸ್ ಎಂಬ ಲಿಗ್ಯಾಂಡಿನಿಂದ ಶುರುಮಾಡುತ್ತಾರೆ. ಹ್ಯೂಗೋ ಶಿಫ್ 1864ರಲ್ಲಿ ಕಂಡುಹಿಡಿದದ್ದು. ಸ್ಯಾಲಿಸಿಲಾಲ್ಡಿಹೈಡನ್ನು ಆಲ್ಕೋಹಾಲಿನಲ್ಲಿ ಒಂದು ಅಮೀನಿನ ಜೊತೆ ಬೆರೆಸಿ ಕಾಯಿಸಿದರೆ ಚಂದದ ಹಳದಿ ಹರಳು ಬೀಳುತ್ತದೆ, ಖರ್ಚು ಕಡಿಮೆ, ಸೋಲು ಅಪರೂಪ. ಅದಕ್ಕೆ ತಾಮ್ರ, ನಿಕ್ಕಲ್, ಕೊಬಾಲ್ಟ್, ಸತು ಒಂದೊಂದನ್ನೇ ಕಟ್ಟುತ್ತಾರೆ. ಇನ್‌ಫ್ರಾರೆಡ್ ಪಟಲದಲ್ಲಿ ಇಂಗಾಲ ಸಾರಜನಕಗಳ ಜೋಡಿಬಂಧದ ಗೆರೆ ಸೆಂಟಿಮೀಟರಿಗೆ 1630 ಅಲೆಗಳ ಸುಮಾರಿನಿಂದ ಕೆಳಗೆ ಜರುಗಿದರೆ ಲೋಹ ಅಲ್ಲಿ ಹಿಡಿದಿದೆ ಎಂದು ಸಂತೋಷ. ನಿಕ್ಕಲ್ ಸಂಕೀರ್ಣ ಅಯಸ್ಕಾಂತಕ್ಕೆ ಸೆಳೆತ ತೋರದಿದ್ದರೆ ಅದು ಚಪ್ಪಟೆ ಚೌಕ ಎಂದು ಊಹೆ. ಎಲ್ಲಕ್ಕಿಂತ ದೊಡ್ಡ ಕಾಯುವಿಕೆ ಒಳ್ಳೆಯ ಹರಳಿಗೆ. ಸಣ್ಣ ಬಾಟಲಿಯಲ್ಲಿ ದ್ರಾವಣ ಹಾಕಿ, ಬಾಯಿಗೆ ಹಾಳೆ ಸುತ್ತಿ, ಸೂಜಿಯಿಂದ ತೂತು ಮಾಡಿ, ಅಲುಗಾಡದ ಮೂಲೆಯಲ್ಲಿಟ್ಟು ವಾರಗಟ್ಟಲೆ ನೋಡುತ್ತಿರಬೇಕು. ಬಂದರೆ ಅದನ್ನು ಎಕ್ಸ್-ರೇ ಯಂತ್ರ ಇರುವ ಸಂಸ್ಥೆಗೆ ಕಳಿಸಬೇಕು. ವರ್ನರ್ 20 ವರ್ಷ ತೇದು ಸಾಧಿಸಿದ ಆಕಾರ ಈಗ ಕೆಲವೇ ಗಂಟೆಗಳಲ್ಲಿ ಪರದೆಯ ಮೇಲೆ ಮೂಡುತ್ತದೆ.

ಆದರೆ ಆಮೇಲೆ? ಎಷ್ಟೋ ಪ್ರಬಂಧಗಳಲ್ಲಿ ಕೊನೆಯ ಅಧ್ಯಾಯ ಒಂದೇ: ಬ್ಯಾಕ್ಟೀರಿಯಾ ಬೆಳೆದ ತಟ್ಟೆಯ ಮೇಲೆ ಸಂಕೀರ್ಣದ ಹನಿ ಇಟ್ಟು, ಸುತ್ತ ಎಷ್ಟು ಮಿಲಿಮೀಟರ್ ಖಾಲಿಯಾಯಿತು ಎಂದು ಅಳೆದು, ಔಷಧವಾಗುವ ಲಕ್ಷಣವಿದೆ ಎಂದು ಬರೆದು ಮುಗಿಸುವುದು. ಆ ದುಡಿಮೆಯನ್ನು ನಾನು ಕೀಳಾಗಿ ಕಾಣುವುದಿಲ್ಲ, ಹರಳು ಕಟ್ಟುವ ಕೈ ಹಾಗೇ ಬರುವುದಿಲ್ಲ. ನನ್ನ ಸಂಕಟ ಬೇರೆ. ಅಷ್ಟು ಕಲಿತ ಕೈಗಳಿಗೆ ನಮ್ಮ ನೆಲದ ಪ್ರಶ್ನೆಗಳು ಸಿಗುತ್ತಿಲ್ಲ. ಆ ಪ್ರಶ್ನೆಗಳು ಪ್ರಯೋಗಶಾಲೆಯ ಕಿಟಕಿಯ ಹೊರಗೇ ಇವೆ.

ನೀರನ್ನೇ ನೋಡಿ. ಸಾವಿರ ಅಡಿಗೂ ಮೀರಿ ಕೊರೆದ ನಮ್ಮ ಕೊಳವೆಬಾವಿಗಳ ನೀರಿನಲ್ಲಿ ಗ್ರಾನೈಟಿನಿಂದ ಬಿಟ್ಟುಕೊಂಡ ಫ್ಲೋರೈಡ್ ಇದೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಹಲ್ಲಿನ ಮೇಲಿನ ಕಂದು ಪಟ್ಟೆ ಯಾರಿಗೂ ಹೊಸದಲ್ಲ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಫ್ಲೋರೈಡ್ ಅಳೆಯಲು ಬಳಸುವ ಕಿಟ್ಟಿನ ಕೆಂಪು ದ್ರಾವಣದಲ್ಲಿ ಜಿರ್ಕೋನಿಯಂ ಲೋಹವನ್ನು ಒಂದು ಬಣ್ಣ ಹಿಡಿದುಕೊಂಡಿರುತ್ತದೆ. ಫ್ಲೋರೈಡ್ ಬಂದು ಜಿರ್ಕೋನಿಯಮ್ಮನ್ನು ಕಸಿದುಕೊಂಡಷ್ಟೂ ಕೆಂಪು ಕಳೆಯುತ್ತದೆ. ಫ್ಲೋರೈಡ್ ತೆಗೆಯುವ ಅಲ್ಯೂಮಿನಾ ಕೂಡ ಅದೇ ತತ್ವದ್ದು: ಅಲ್ಯೂಮಿನಿಯಂ ಮೇಲಿನ ಜಾಗಕ್ಕೆ ಫ್ಲೋರೈಡ್ ಬಂದು ಕೂರುತ್ತದೆ. ಜಾಗ ತುಂಬಿದ ಮೇಲೆ ಕ್ಷಾರದಿಂದ ತೊಳೆದು ಮತ್ತೆ ಬಳಸಬೇಕು, ಹಳ್ಳಿಗಳಲ್ಲಿ ಕೆಲಸ ಕೆಡುವುದು ಅಲ್ಲೇ. ಕೊಳವೆಬಾವಿ ನೀರಿನ ಗಡಸು ಅಳೆಯಲು ಪ್ರತಿ ಕಾಲೇಜಿನಲ್ಲೂ ಮಾಡಿಸುವ, ಇಡಿಟಿಎ ಎಂಬ ಲಿಗ್ಯಾಂಡಿನ ಪ್ರಯೋಗ 1940ರ ದಶಕದಲ್ಲಿ ರೂಪುಗೊಂಡದ್ದು ವರ್ನರ್ ಪಾಠ ಹೇಳಿದ ಜೂರಿಕ್ ವಿಶ್ವವಿದ್ಯಾಲಯದಲ್ಲೇ, ಗೆರೋಲ್ಡ್ ಶ್ವಾರ್ಟ್ಸೆನ್‌ಬಾಕ್ ಅವರ ಕೈಯಲ್ಲಿ. ದ್ರಾಕ್ಷಾರಸದ ಕೆಂಪು ನೀಲಿಗೆ ತಿರುಗುವ ಆ ಒಂದು ಹನಿಯಲ್ಲಿ ಇಡಿಟಿಎ ತನ್ನ ಆರೂ ಕೈಗಳಿಂದ ಕ್ಯಾಲ್ಸಿಯಂ, ಮೆಗ್ನೀಸಿಯಮ್ಮುಗಳನ್ನು ಬಣ್ಣದಿಂದ ಬಿಡಿಸಿಕೊಂಡಿರುತ್ತದೆ.

ಕೋಲಾರದ ಟೊಮೆಟೊ ಬೆಳೆಗಾರರು ಎಳೆ ಎಲೆ ಹಳದಿಯಾದಾಗ ಗೊಬ್ಬರದಂಗಡಿಯಿಂದ ಚಿಲೇಟೆಡ್ ಕಬ್ಬಿಣ ತರುತ್ತಾರೆ. ಇಡಿಟಿಎ ಕಟ್ಟಿದ ಕಬ್ಬಿಣ ಹುಳಿ ಮಣ್ಣಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸುಣ್ಣದ, ಕ್ಷಾರದ ಮಣ್ಣಿಗೆ ಹಾಕಿದರೆ ಕ್ಯಾಲ್ಸಿಯಂ ಇಡಿಟಿಎಯನ್ನು ಕಸಿದುಕೊಂಡು ಕಬ್ಬಿಣ ತುಕ್ಕಾಗಿ ಬೀಳುತ್ತದೆ. ಅಲ್ಲಿ ಇಡಿಡಿಎಚ್‌ಎ ಎಂಬ ಇನ್ನೂ ಬಿಗಿಯಾದ ಲಿಗ್ಯಾಂಡಿನ ಕೆಂಪು ಪುಡಿ ಬೇಕು. ರೈತ ದುಡ್ಡು ಕೊಡುವಾಗ ಈ ಮಾತು ಹೇಳಬಲ್ಲವರು ಅಂಗಡಿಯ ಹತ್ತಿರ ಇರುವುದಿಲ್ಲ. ಹೇಳಬಲ್ಲವರು ಎರಡು ಬೀದಿ ಆಚೆಯ ಕಾಲೇಜಿನಲ್ಲಿ ಇದ್ದಾರೆ.

ಇನ್ನು ಆ 13 ಗುಡ್ಡಗಳು. ಅಲ್ಲಿ ಉಳಿದಿರುವ ಅಲ್ಪಸ್ವಲ್ಪ ಚಿನ್ನವನ್ನು ತೆಗೆಯುವ ಯೋಜನೆಯ ಮಾತು ಕೇಂದ್ರ, ರಾಜ್ಯ ಸರ್ಕಾರಗಳ ನಡುವೆ ನಡೆಯುತ್ತಲೇ ಇದೆ. ಜನ ಕೇಳುವ ಪ್ರಶ್ನೆ ಒಂದೇ: ಮತ್ತೆ ಸೈನೈಡ್ ಬರುತ್ತದೆಯೇ? ಸೈನೈಡ್ ಬಿಟ್ಟರೆ ಚಿನ್ನವನ್ನು ಬಿಗಿಯಾಗಿ ಹಿಡಿಯುವ ಇನ್ನೊಂದು ಲಿಗ್ಯಾಂಡ್ ಥಯೋಸಲ್ಫೇಟ್. ಹಳೆಯ ಫೋಟೊ ಸ್ಟುಡಿಯೋಗಳ ಕತ್ತಲೆ ಕೋಣೆಯಲ್ಲಿ ಹೈಪೋ ಎಂಬ ಹೆಸರಿನಲ್ಲಿ ಬೆಳ್ಳಿಯನ್ನು ಕರಗಿಸುತ್ತಿದ್ದದ್ದು ಅದೇ. ಅಮೆರಿಕದ ನೆವಾಡಾ ರಾಜ್ಯದ ಗೋಲ್ಡ್‌ಸ್ಟ್ರೈಕ್ ಗಣಿಯಲ್ಲಿ 2014ರಿಂದ ಕೆಲವು ವರ್ಷ ಇದರಿಂದ ಚಿನ್ನ ತೆಗೆದರು. ಸೈನೈಡಿನಷ್ಟು ವಿಷವಲ್ಲ. ತೊಡಕುಗಳೂ ಇವೆ: ಸಾಮಾನ್ಯವಾಗಿ ತಾಮ್ರ, ಅಮೋನಿಯಾಗಳ ಸಂಕೀರ್ಣವೊಂದು ಜೊತೆಗಿದ್ದರೆ ಮಾತ್ರ ಕೆಲಸ ಚುರುಕು; ಆ ತಾಮ್ರವೇ ಥಯೋಸಲ್ಫೇಟನ್ನು ತಿನ್ನುತ್ತ ಹೋಗುತ್ತದೆ; ಸೈನೈಡ್ ನೀರಿನಿಂದ ಚಿನ್ನ ಹಿಡಿಯಲು ಈಗ ಬಳಸುವ ಇದ್ದಿಲಿಗೆ ಇಲ್ಲಿ ಕರಗಿದ ಚಿನ್ನ ಸರಿಯಾಗಿ ಅಂಟುವುದಿಲ್ಲ, ರಾಳ ಬಳಸಬೇಕು. ಸಲ್ಫೈಡ್ ಹೆಚ್ಚಿರುವ ಮಣ್ಣಾದರೆ ಲೆಕ್ಕವೇ ಬದಲಾಗುತ್ತದೆ. ಕೆಜಿಎಫ್‌ನ ಒಂದೊಂದು ಗುಡ್ಡದ ಮಣ್ಣೂ ಒಂದೊಂದು ಕಾಲದ್ದು. ಹಾಗಾಗಿ ಮೊದಲ ಕೆಲಸ ಗುಡ್ಡಕ್ಕೊಂದರಂತೆ ಮಣ್ಣಿನ ಮಾದರಿ ತಂದು, ತಾಮ್ರ ಅಮೋನಿಯಾದ ನೀಲಿ ದ್ರಾವಣದಲ್ಲಿ ಕಲಕಿ, ಒಂದು ಹಗಲು ರಾತ್ರಿಯಲ್ಲಿ ಎಷ್ಟು ಚಿನ್ನ ಇಳಿಯಿತು, ಎಷ್ಟು ಥಯೋಸಲ್ಫೇಟ್ ಖರ್ಚಾಯಿತು ಎಂದು ಅಳೆಯುವುದು. ಥಯೋಸಲ್ಫೇಟ್ ಅಳೆಯಲು ಅಯೋಡಿನ್, ಬ್ಯೂರೆಟ್ ಸಾಕು. ನೀಲಿ ತಾಮ್ರ ಅಡ್ಡ ಬರದಂತೆ ಮೊದಲು ಅದನ್ನು ಕಟ್ಟಿಹಾಕಬೇಕು, ಅದಕ್ಕೆ ಇಡಿಟಿಎ ಇದೆ.